ಸುಲ್ತಾನ್‌ಪೇಟೆಯ ಹಳೇ ಮನೆ: ಅಡ್ವಾನ್ಸ್ ಕೊಡೋ ಮುಂಚೆ ಕೆಳಗಿನ ಅಂಗಡಿ ನೋಡಿ

ಇವತ್ತು ಮನೆ ಕೊಳ್ಳೋದರ ಬಗ್ಗೆ ಮಾತಾಡೋಣ. ಲೋನ್ ಬಗ್ಗೆ ಅಲ್ಲ, ಇ-ಖಾತಾ ಬಗ್ಗೆನೂ ಅಲ್ಲ. ಅವೆರಡರ ಮೇಲೆ ನಿಮ್ಮ ಫೋನಿಗೆ ಈಗಾಗಲೇ ಬೇಕಾದಷ್ಟು ರೀಲ್ಸ್ ಬಂದಿರುತ್ತೆ. ನಾನು ಹೇಳೋಕೆ ಹೊರಟಿರೋದು ಮನೆ ಅನ್ನೋ ವಸ್ತುವಿನ ಬಗ್ಗೆ. ಗೋಡೆ, ತಾರಸಿ, ಪಾಯ, ಮೋರಿ, ವೈರಿಂಗು.

ನಾನು ಸ್ಟ್ರಕ್ಚರಲ್ ಇಂಜಿನಿಯರ್. ಹೊಸ ಕಟ್ಟಡಕ್ಕೆ ಲೆಕ್ಕ ಹಾಕಿಕೊಡೋದು ನನ್ನ ಹೊಟ್ಟೆಪಾಡು. ಅದರ ಜೊತೆಗೆ ಹಳೇ ಕಟ್ಟಡಗಳನ್ನ ನೋಡಿ ರಿಪೋರ್ಟ್ ಬರೆದುಕೊಡ್ತೀನಿ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ ಈ ಕೆಲಸ ಸಿಗುತ್ತೆ. ಎಲ್ಲಕ್ಕಿಂತ ಕಷ್ಟದ ಕೆಲಸ ಸಿಗೋದು ಪೇಟೆ ಒಳಗಡೆ. ಅದಕ್ಕೇ ಇವತ್ತಿನ ಮಾತನ್ನ ಸುಲ್ತಾನ್‌ಪೇಟೆಗೆ ಕಟ್ಟಿಹಾಕ್ತೀನಿ.

ನಮ್ಮಲ್ಲಿ 'ಮನೆ ನೋಡಿದ್ವಿ' ಅಂದ್ರೆ ಏನು ಅರ್ಥ ಹೇಳಿ? ಭಾನುವಾರ ಬೆಳಿಗ್ಗೆ ಬ್ರೋಕರ್ ಜೊತೆ ಹೋಗೋದು. ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆ ಆಗ್ನೇಯದಲ್ಲಿದೆಯಾ, ಬಚ್ಚಲು ಎಲ್ಲಿದೆ ಅಂತ ನೋಡೋದು. ದಿಕ್ಕು ನೋಡೋಕೆ ಫೋನಲ್ಲಿ ಕಂಪಾಸ್ ತೆಗೀತಾರೆ, ಆದರೆ ಅದೇ ಫೋನಿನ ಟಾರ್ಚ್ ಹಾಕಿ ಗೋಡೆ ನೋಡೋದಿಲ್ಲ. ಇಪ್ಪತ್ತು ನಿಮಿಷದಲ್ಲಿ ಕಾಫಿ ಬರುತ್ತೆ, ಅರ್ಧ ಗಂಟೆಗೆ ಟೋಕನ್ ಅಡ್ವಾನ್ಸ್ ಮಾತು ಶುರು. ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋವಾಗ ಮೆಕ್ಯಾನಿಕ್ ಗೆಳೆಯನ್ನ ಕರ್ಕೊಂಡು ಹೋಗಿ, ಇಂಜಿನ್ ಸದ್ದು ಕೇಳಿ, ಒಂದು ರೌಂಡ್ ಓಡಿಸಿ ನೋಡ್ತೀವಿ. ಕೋಟಿ ರೂಪಾಯಿ ಮನೆಗೆ ಅಷ್ಟೂ ಮಾಡಲ್ಲ.

ಅಮೆರಿಕದಲ್ಲಿ ಮನೆ ಕೊಳ್ಳೋರು ಒಪ್ಪಂದದಲ್ಲೇ ಒಂದು ಷರತ್ತು ಬರೆಸೋದು ರೂಢಿ: ನಮ್ಮ ಕಡೆಯ ತಪಾಸಣೆ ಆಗಬೇಕು, ಅದರಲ್ಲಿ ದೊಡ್ಡ ದೋಷ ಕಂಡರೆ ನಾವು ಹಿಂದೆ ಸರೀಬಹುದು ಅಂತ. ಇಂಗ್ಲೆಂಡಲ್ಲಿ ಚಾರ್ಟರ್ಡ್ ಸರ್ವೇಯರ್‌ಗಳು ಮೂರು ಹಂತದ ಸರ್ವೆ ಮಾಡಿಕೊಡ್ತಾರೆ. ಹಳೇ ಮನೆಯಾದ್ರೆ ಮೂರನೇ ಹಂತದ್ದು, ಅಂದ್ರೆ ಎಲ್ಲಕ್ಕಿಂತ ವಿವರವಾದದ್ದು. ನಮ್ಮಲ್ಲಿ 'ಹೋಮ್ ಇನ್‌ಸ್ಪೆಕ್ಟರ್' ಅಂತ ಲೈಸೆನ್ಸ್ ಇರೋ ಪ್ರತ್ಯೇಕ ವೃತ್ತಿಯೇ ಇಲ್ಲ. ಈಚೆಗೆ ಕೆಲವು ಕಂಪನಿಗಳು ಬಂದಿವೆ, ಅವುಗಳ ಕೆಲಸ ಬಹುಪಾಲು ಹೊಸ ಫ್ಲಾಟುಗಳಲ್ಲಿ. ಟೈಲ್ಸ್ ಟೊಳ್ಳಾಗಿದೆಯಾ, ಸ್ವಿಚ್ ಕೆಲಸ ಮಾಡುತ್ತಾ, ಆ ಥರ. ಹಳೇ ಪೇಟೆ ಮನೆಗೆ ಆ ಚೆಕ್‌ಲಿಸ್ಟ್ ಸಾಲೋದಿಲ್ಲ.

'ಬ್ಯಾಂಕಿನವರು ಬಂದು ನೋಡಿದ್ರಲ್ಲ ಸಾರ್' ಅಂತಾರೆ. ಬ್ಯಾಂಕಿನ ವ್ಯಾಲ್ಯುಯರ್ ಬರೋದು ಬ್ಯಾಂಕಿಗೋಸ್ಕರ. ನೀವು ಕಂತು ಕಟ್ಟದೇ ಹೋದ್ರೆ ಆ ಆಸ್ತಿ ಮಾರಿ ದುಡ್ಡು ವಾಪಸ್ ಬರುತ್ತಾ ಅನ್ನೋದು ಅವರ ಪ್ರಶ್ನೆ. ಪೇಟೆಯಲ್ಲಿ ಜಾಗಕ್ಕೇ ಬೆಲೆ, ಅದರ ಮೇಲಿರೋ ಕಟ್ಟಡ ಅವರ ಲೆಕ್ಕದಲ್ಲಿ ಚಿಲ್ಲರೆ. ಹಾಗಾಗಿ ಬ್ಯಾಂಕ್ ಲೋನ್ ಕೊಡ್ತು ಅಂದ ಮಾತ್ರಕ್ಕೆ ಆ ತಾರಸಿ ಕೆಳಗೆ ನೀವು ನೆಮ್ಮದಿಯಾಗಿ ಮಲಗಬಹುದು ಅಂತ ಅಲ್ಲ.

ಈಗ ಕಾನೂನು. ಸ್ವಲ್ಪ ತಾಳ್ಮೆಯಿಂದ ಕೇಳಿ, ಬೇಗ ಮುಗಿಸ್ತೀನಿ. ಆಸ್ತಿ ವರ್ಗಾವಣೆ ಕಾಯ್ದೆ ಅಂತಿದೆ, 1882ರದ್ದು. ಅದರ 55ನೇ ಸೆಕ್ಷನ್ ಮಾರೋರ ಮತ್ತು ಕೊಳ್ಳೋರ ಹೊಣೆ ಏನೇನು ಅಂತ ಹೇಳುತ್ತೆ. ಆಸ್ತಿಯಲ್ಲಿ ದೊಡ್ಡ ದೋಷ ಇದ್ದು, ಅದು ಮಾರೋರಿಗೆ ಗೊತ್ತಿದ್ದು, ಕೊಳ್ಳೋರಿಗೆ ಗೊತ್ತಿಲ್ಲದಿದ್ದರೆ ಮಾರೋರು ಅದನ್ನ ಹೇಳಲೇಬೇಕು. ಹೇಳದೇ ಮುಚ್ಚಿಟ್ರೆ ಅದು ವಂಚನೆ. ಕೇಳೋಕೆ ಚೆನ್ನಾಗಿದೆ. ಆದರೆ ಅದೇ ವಾಕ್ಯದಲ್ಲಿ ಇನ್ನೊಂದು ಮಾತಿದೆ: ಕೊಳ್ಳೋರು ಸಾಮಾನ್ಯ ಎಚ್ಚರಿಕೆ ವಹಿಸಿದ್ರೂ ಕಂಡುಹಿಡಿಯೋಕೆ ಆಗದಂಥ ದೋಷಕ್ಕೆ ಮಾತ್ರ ಈ ಹೊಣೆ. ಅಂದ್ರೆ, ನೀವು ಕಣ್ಣುಬಿಟ್ಟು ನೋಡಿದ್ದರೆ ಕಾಣ್ತಿದ್ದ ಬಿರುಕಿಗೆ ನೀವೇ ಜವಾಬ್ದಾರಿ. ಅದರ ಮೇಲೆ, ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಆ ಬರಹವೇ ನಡೆಯುತ್ತೆ. 'ಇದ್ದಲ್ಲಿ ಇದ್ದ ಹಾಗೆ' ಅನ್ನೋ ಸಾಲಿಗೆ ಸಹಿ ಹಾಕಿದ್ರೆ ಆಮೇಲೆ ವಾದ ಮಾಡೋದು ಕಷ್ಟ.

ರೇರಾ ಇದೆಯಲ್ಲ ಅಂತೀರಿ. 2016ರ ರೇರಾ ಕಾಯ್ದೆ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಲ್ಲಿ ಸರಿಮಾಡಿಕೊಡಬೇಕು. ಒಳ್ಳೆ ಕಾನೂನು. ಆದರೆ ಅದು ಪ್ರಾಜೆಕ್ಟ್ ಕಟ್ಟಿ ಮಾರೋ ಬಿಲ್ಡರ್‌ಗೆ. ಎಂಬತ್ತು-ತೊಂಬತ್ತು ವರ್ಷದ ಮನೆಯನ್ನ ಒಂದು ಕುಟುಂಬ ಇನ್ನೊಂದು ಕುಟುಂಬಕ್ಕೆ ಮಾರಿದ್ರೆ ರೇರಾ ಬರೋದಿಲ್ಲ. ಅಲ್ಲಿ ನಿಮಗೆ ಇರೋದು ನಿಮ್ಮ ಕಣ್ಣು ಮಾತ್ರ.

ಸರಿ, ಸುಲ್ತಾನ್‌ಪೇಟೆಗೆ ಬರೋಣ.

ಚಿಕ್ಕಪೇಟೆ ಮೆಟ್ರೊ ಸ್ಟೇಷನ್ ಹತ್ತಿ ಮೇಲೆ ಬಂದ್ರೆ ಸುತ್ತ ಇರೋದೆಲ್ಲ ಪೇಟೆಗಳೇ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿನ ಹೊಟ್ಟೆ ಇದು. ಒಂದೊಂದು ಬೀದಿಗೆ ಒಂದೊಂದು ವ್ಯಾಪಾರ. ಸುಲ್ತಾನ್‌ಪೇಟೆ ಅಂದ್ರೆ ಕಾಗದ, ಪ್ರಿಂಟಿಂಗು, ಮದುವೆ ಕಾರ್ಡು. 1898ರ ಪ್ಲೇಗ್ ಬಂದ ಮೇಲೆ, ಊರು ಇಷ್ಟು ಇಕ್ಕಟ್ಟಾಗಿರಬಾರದು ಅಂತಾನೇ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು. ಪೇಟೆ ಮಾತ್ರ ಇಕ್ಕಟ್ಟಾಗೇ ಉಳೀತು. ಮನೆಗಳ ಮುಖ ಹನ್ನೆರಡು-ಹದಿನೈದು ಅಡಿ, ಉದ್ದ ಮಾತ್ರ ಹಿಂದಿನ ಗಲ್ಲಿ ತನಕ. ಪಕ್ಕದ ಮನೆಗೂ ನಮ್ಮ ಮನೆಗೂ ಎಷ್ಟೋ ಕಡೆ ಒಂದೇ ಗೋಡೆ. ಕೆಳಗೆ ಅಂಗಡಿ, ಮೇಲೆ ಮನೆ.

ಈ ಮನೆಗಳ ಒಳಗಿನ ಸಾಮಾನೇ ಬೇರೆ. ಗೋಡೆ ಒಂದೂವರೆ-ಎರಡು ಅಡಿ ದಪ್ಪದ ಮಣ್ಣು, ಇಲ್ಲಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ. ಸೂರು ಮದ್ರಾಸ್ ಟೆರೇಸ್. ಅಂದ್ರೆ ಮರದ ತೊಲೆ, ಅದರ ಮೇಲೆ ಜಂತೆ, ಜಂತೆ ಮೇಲೆ ಸಣ್ಣ ಇಟ್ಟಿಗೆಗಳನ್ನ ನಿಲ್ಲಿಸಿ ಓರೆಯಾಗಿ ಜೋಡಿಸಿರ್ತಾರೆ, ಅದರ ಮೇಲೆ ಇಟ್ಟಿಗೆ ಚೂರು ಮತ್ತೆ ಸುಣ್ಣದ ಗಚ್ಚು. ಕಂಬ-ಬೀಮು ಯಾವುದೂ ಇಲ್ಲ. ಪೂರ್ತಿ ಭಾರ ಗೋಡೆ ಮೇಲೆ. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಅಪಾರ್ಟ್‌ಮೆಂಟಲ್ಲಿ ನೀವು ಒಂದು ಒಳಗೋಡೆ ಒಡೆದ್ರೆ ಸಾಮಾನ್ಯವಾಗಿ ಕಟ್ಟಡಕ್ಕೆ ಏನೂ ಆಗಲ್ಲ, ಭಾರ ಹೊರೋದು ಕಂಬಗಳು. ಇಲ್ಲಿ ಗೋಡೆಯೇ ಕಂಬ.

ಒಂದು ಮಾತು ಹೇಳಿಬಿಡ್ತೀನಿ, ಹಳೇದು ಅಂದ ತಕ್ಷಣ ಕೆಟ್ಟದ್ದು ಅಂತ ಅಲ್ಲ. ಚೆನ್ನಾಗಿ ಒಣಗಿರೋ ಮಣ್ಣಿನ ಗೋಡೆ, ಸೋರದ ಮದ್ರಾಸ್ ಟೆರೇಸ್ ಇನ್ನೂ ಎರಡು ತಲೆಮಾರು ನಿಲ್ಲುತ್ತೆ. ನನಗೆ ಹೆದರಿಕೆ ಅದರಿಂದ ಅಲ್ಲ. ನನಗೆ ಹೆದರಿಕೆ ಅದರ ಮೇಲೆ ಆಮೇಲೆ ಬಂದವರು ಏನೇನು ಹೇರಿದ್ದಾರೆ, ಅದರ ಕೆಳಗೆ ಏನೇನು ಕಿತ್ತಿದ್ದಾರೆ ಅನ್ನೋದರಿಂದ.

ಒಂದು ಮನೆ ವಿಷಯ ಹೇಳ್ತೀನಿ. ಜಾಗ ಸುಲ್ತಾನ್‌ಪೇಟೆಯ ಒಂದು ಅಡ್ಡರಸ್ತೆ, ಅದಕ್ಕಿಂತ ಹೆಚ್ಚಿಗೆ ಗುರುತು ಬೇಡ. ಕೊಳ್ಳೋಕೆ ಹೊರಟವನು ಐಟಿ ಕಂಪನಿಯಲ್ಲಿ ಕೆಲಸ ಮಾಡೋ ಹುಡುಗ, ಮೂವತ್ತು ತುಂಬಿಲ್ಲ. ಅವರಮ್ಮ ಹುಟ್ಟಿ ಬೆಳೆದದ್ದು ಚಾಮರಾಜಪೇಟೆ. ಕೆಳಗಿನ ಅಂಗಡಿ ಬಾಡಿಗೆಯಲ್ಲಿ ಅರ್ಧ ಕಂತು ಕಳೆಯುತ್ತೆ, ಮೇಲೆ ಅಮ್ಮ-ಮಗ ಇರಬಹುದು ಅನ್ನೋದು ಲೆಕ್ಕ. ಅಪ್ಪ ಬಿಟ್ಟುಹೋದ ಪಿಎಫ್ ದುಡ್ಡು, ಇವನ ಉಳಿತಾಯ, ಮಿಕ್ಕಿದ್ದು ಲೋನ್. ಕಾಗದಪತ್ರ ಎಲ್ಲ ಲಾಯರ್ ನೋಡಿ ಸರಿ ಇದೆ ಅಂದಿದ್ರು. ಇಸಿ ಕ್ಲೀನ್. ನನಗೆ ವಾಟ್ಸಾಪಲ್ಲಿ ವಿಡಿಯೊ ಕಳಿಸಿ, 'ಸರ್, ಪೇಂಟ್ ಎಲ್ಲ ಹೊಸದಾಗಿ ಮಾಡ್ಸಿದ್ದಾರೆ, ಚೆನ್ನಾಗಿದೆ, ಒಂದ್ಸಲ ನೋಡ್ಬಿಡಿ' ಅಂದ. ಮಾರಾಟಕ್ಕೆ ಮುಂಚೆ ಹೊಸ ಪೇಂಟ್ ಅಂದ್ರೆ ನನಗೆ ಮೊದಲು ಅನುಮಾನ. ಎಲ್ಲರೂ ಮುಚ್ಚಿಡೋಕೆ ಅಂತ ಮಾಡಲ್ಲ, ಮಗಳ ಮದುವೆಗೂ ಪೇಂಟ್ ಹೊಡೆಸ್ತಾರೆ. ಆದರೆ ಪೇಂಟ್ ಕೆಳಗೆ ಏನಿದೆ ಅಂತ ನೋಡಲೇಬೇಕು.

ಅವನು ನೇರವಾಗಿ ಮೆಟ್ಟಿಲು ಹತ್ತೋಕೆ ಹೋದ. 'ಇರಪ್ಪಾ, ಮೊದಲು ಅಂಗಡಿಗೆ ಹೋಗೋಣ' ಅಂದೆ. ಕೆಳಗೆ ಕಾಗದದ ಅಂಗಡಿ, ಇಪ್ಪತ್ತು ವರ್ಷದಿಂದ ಬಾಡಿಗೆಗೆ ಇದ್ದಾರೆ. ಅಂಗಡಿ ಒಳಗೆ ಉದ್ದಕ್ಕೂ ಖಾಲಿ ಜಾಗ, ಹಿಂದಿನ ತನಕ ಒಂದೇ ಹಾಲ್. ಇಂಥ ಮನೆಯಲ್ಲಿ ಅದು ಸಾಧ್ಯವೇ ಇಲ್ಲ. ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ಮಧ್ಯೆ ಒಂದು ಗೋಡೆ ಇರಲೇಬೇಕು. 'ಇಲ್ಲಿ ಗೋಡೆ ಇತ್ತಲ್ವಾ ಅಣ್ಣಾ?' ಅಂತ ಅಂಗಡಿಯವರನ್ನ ಕೇಳಿದೆ. 'ಇತ್ತು ಸಾರ್, ಜಾಗ ಸಾಕಾಗ್ತಿರಲಿಲ್ಲ, ಓನರ್ ಯಜಮಾನ್ರು ಇದ್ದಾಗಲೇ ತೆಗೆಸಿದ್ವಿ. ಗರ್ಡರ್ ಕೊಟ್ಟಿದ್ದೀವಿ' ಅಂದ್ರು. ಅವರೇನೂ ಮುಚ್ಚಿಡಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

ಕಬ್ಬಿಣದ ಗರ್ಡರ್ ಇತ್ತು ನಿಜ. ಅದರ ಎರಡೂ ತುದಿ ಮಣ್ಣಿನ ಗೋಡೆ ಮೇಲೆ ಕೂತಿತ್ತು. ತುದಿ ಕೆಳಗೆ ಒಂದು ದಪ್ಪ ಕಲ್ಲು ಇಲ್ಲಾ ಕಾಂಕ್ರೀಟ್ ದಿಂಬು ಕೊಡಬೇಕು, ಭಾರ ಹರಡೋದಕ್ಕೆ. ಒಂದು ಕಡೆ ಕೊಟ್ಟೇ ಇರಲಿಲ್ಲ. ಅಲ್ಲಿ ಗೋಡೆ ನುಣ್ಣಗೆ, ಹೊಸ ಪ್ಲಾಸ್ಟರ್. ಫೋನಿನ ಟಾರ್ಚ್ ತಗೊಂಡು ಗೋಡೆಗೆ ಅಂಟಿಸಿ, ಪಕ್ಕದಿಂದ ಬೆಳಕು ಬಿಟ್ಟೆ. ಇದನ್ನ ನೀವೂ ಮಾಡಿ, ಎದುರಿಂದ ಬಿಡಬೇಡಿ, ಪಕ್ಕದಿಂದ ಬಿಡಿ. ಉಬ್ಬು, ತೇಪೆ, ಮುಚ್ಚಿದ ಬಿರುಕು ಎಲ್ಲ ನೆರಳು ಬಿದ್ದು ಎದ್ದು ಕಾಣುತ್ತೆ. ಅಲ್ಲಿ ಗೋಡೆ ಹೊಟ್ಟೆ ಬಂದಂಗೆ ಉಬ್ಬಿತ್ತು. ಬೆರಳ ಗೆಣ್ಣಲ್ಲಿ ತಟ್ಟಿದ್ರೆ ಟೊಳ್ಳು ಸದ್ದು.

ಆಮೇಲೆ ಮೇಲೆ ಹೋದ್ವಿ. ಮೊದಲನೇ ಮಹಡಿಯ ಮುಂದಿನ ಕೋಣೆ ಅಂಗಡಿಯವರ ಗೋಡೌನ್. ಎದೆಮಟ್ಟ ಕಾಗದದ ಬಂಡಲ್. ಹಿಂದಿನ ಕೋಣೆಯಲ್ಲಿ ಮನೆ ಮಾಲೀಕರ ತಾಯಿ, ಎಂಬತ್ತರ ಹತ್ತಿರ ಇರಬೇಕು, ಒಬ್ಬರೇ.

ಕಾಗದದ ತೂಕ ಎಷ್ಟು ಅಂತ ಜನಕ್ಕೆ ಅಂದಾಜು ಇರಲ್ಲ. ಜೆರಾಕ್ಸ್ ಅಂಗಡಿಯಲ್ಲಿ ನೋಡ್ತೀರಲ್ಲ, ಎ4 ಹಾಳೆಯ ಒಂದು ರೀಮ್, 500 ಹಾಳೆ, 75 ಜಿಎಸ್‌ಎಂ. ಅದು ಸುಮಾರು 2.3 ಕೆಜಿ. ದಪ್ಪ 5 ಸೆಂಟಿಮೀಟರ್. ಒಂದು ಮೀಟರ್ ಎತ್ತರಕ್ಕೆ 20 ರೀಮ್ ಆಯ್ತು. ಒಂದು ಚದರ ಮೀಟರ್ ನೆಲ ಪೂರ್ತಿ ಹೀಗೆ ಜೋಡಿಸಿದ್ರೆ ಸುಮಾರು 750 ಕೆಜಿ. ವಾಸದ ಮನೆಯ ಮಹಡಿಗೆ ಇವತ್ತಿನ ಭಾರತೀಯ ಮಾನದಂಡದಲ್ಲಿ ನಾವು ಲೆಕ್ಕ ಹಾಕೋದು ಚದರ ಮೀಟರಿಗೆ ಸುಮಾರು 200 ಕೆಜಿ, ಜನ, ಮಂಚ, ಬೀರು ಎಲ್ಲ ಸೇರಿ. ಹೆಚ್ಚುಕಮ್ಮಿ ನಾಲ್ಕು ಪಟ್ಟು. ಅದೂ ಹೊಸ ಮನೆ ಲೆಕ್ಕ. ಇಲ್ಲಿ ಕೆಳಗಿರೋದು ಯಾವ ಕಾಲದ್ದೋ ಮರದ ಜಂತೆ, ಆ ಜಂತೆ ಹೊರಬೇಕಾದ ಗೋಡೆ ಜಾಗದಲ್ಲಿ ಗರ್ಡರ್, ಗರ್ಡರ್ ಕೆಳಗೆ ಜಜ್ಜಿಹೋಗ್ತಿರೋ ಮಣ್ಣು.

ಗೋಡೆಯಿಂದ ಗೋಡೆಗೆ ಒಂದು ದಾರ ಕಟ್ಟಿ ಎಳೆದು ನೋಡಿದ್ವಿ. ಮಧ್ಯದಲ್ಲಿ ನೆಲ ಒಂದೂವರೆ ಇಂಚು ಕುಸಿದಿತ್ತು. ದಾರ ಇಲ್ಲದಿದ್ರೆ ಒಂದು ಗೋಲಿ ಬಿಡಿ, ಎಲ್ಲಿಗೆ ಉರುಳುತ್ತೆ ನೋಡಿ. ಫೋನಲ್ಲಿ ರಸಮಟ್ಟದ ಆಪ್ ಇರುತ್ತೆ, ಅದೂ ಆಗುತ್ತೆ. ಹಿಂದುಗಡೆ ಬಚ್ಚಲು ಮಾಡಿದ್ರು, ಮೊದಲು ಇರಲಿಲ್ಲ, ಆಮೇಲೆ ಸೇರಿಸಿದ್ದು. ಅದರ ನೀರು ಇಳಿದು ಇಳಿದು ಜಂತೆಯ ತುದಿ ಗೋಡೆಯೊಳಗೆ ಹೋಗೋ ಜಾಗದಲ್ಲಿ ಮರ ಕಪ್ಪಾಗಿತ್ತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ, ಬೆಣ್ಣೆಗೆ ಹೋದಂಗೆ ಎರಡು ಇಂಚು ಒಳಗೆ ಹೋಯ್ತು. ಮದ್ರಾಸ್ ಟೆರೇಸ್‌ನಲ್ಲಿ ಕೆಡೋದು ಸಾಮಾನ್ಯವಾಗಿ ಆ ತುದಿಯೇ. ನಡುಮಧ್ಯೆ ಜಂತೆ ಹೊಳೀತಾ ಇರುತ್ತೆ, ನೀವು ಅದನ್ನೇ ನೋಡಿ ತೇಗ ಅಂತ ಖುಷಿಪಡ್ತೀರಿ.

ಇದೆಲ್ಲದರ ಮೇಲೆ ಇನ್ನೊಂದು ಮಹಡಿ, ಆರ್‌ಸಿಸಿ ಮೌಲ್ಡ್ ಹಾಕಿದ್ದು. ಅದರ ಮೇಲೆ ಸಿಂಟೆಕ್ಸ್. ಸಾವಿರ ಲೀಟರ್ ನೀರು ಅಂದ್ರೆ ಒಂದು ಟನ್. ಖಾತಾದಲ್ಲಿರೋ ಕಟ್ಟಡದ ಅಳತೆಗೂ ಅಲ್ಲಿ ನಿಂತಿರೋ ಮಹಡಿಗಳಿಗೂ ತಾಳೆ ಇರಲಿಲ್ಲ, ಮಂಜೂರಾದ ನಕ್ಷೆ ಕೇಳಿದ್ರೆ ಸಿಗಲಿಲ್ಲ. ಅದನ್ನ ಲಾಯರ್ ನೋಡಿರಲಿಲ್ಲ. ಅವರು ಕೂತಿರೋದು ಆಫೀಸಲ್ಲಿ, ಮಹಡಿ ಎಷ್ಟಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಆ ಅಜ್ಜಿ ನಮ್ಮನ್ನೇ ನೋಡ್ತಾ ಕೂತಿದ್ರು. 'ಏನಪ್ಪಾ, ಮನೆ ಚೆನ್ನಾಗಿಲ್ವಾ? ನಾನು ಮದುವೆಯಾಗಿ ಬಂದಾಗಿಂದ ಹಿಂಗೇ ಐತೆ. ಏನೂ ಆಗಿಲ್ಲ' ಅಂದ್ರು. ನಿಜ, ಏನೂ ಆಗಿಲ್ಲ. ಪ್ರತಿ ಹಳೇ ಮನೆಯಲ್ಲೂ ನನಗೆ ಸಿಗೋ ಉತ್ತರ ಇದು, ಅದನ್ನ ಹೇಳೋರು ಸುಳ್ಳು ಹೇಳ್ತಿರಲ್ಲ. ಆದರೆ ಅವರು ಬಂದಾಗ ಕೆಳಗೆ ಗೋಡೆ ಇತ್ತು, ಮೇಲೆ ಮಹಡಿ ಇರಲಿಲ್ಲ, ಪಕ್ಕದ ಕೋಣೆಯಲ್ಲಿ ಕಾಗದ ಇರಲಿಲ್ಲ. ಆ ಮನೆ ಬೇರೆ, ಈ ಮನೆ ಬೇರೆ.

ಹುಡುಗನಿಗೆ ರಿಪೋರ್ಟ್ ಬರೆದುಕೊಡೋದು ಆಮೇಲಿನ ಮಾತು. ಅವತ್ತೇ ಮಾಲೀಕರ ಮಗನಿಗೆ ಫೋನ್ ಮಾಡಿ, ಮೇಲಿನ ಕಾಗದ ಇಳಿಸಿ, ಗರ್ಡರ್ ಕೆಳಗೆ ಜಾಕಿ ಕೊಡಿಸಿ, ಅಮ್ಮನ್ನ ಸದ್ಯಕ್ಕೆ ಅಲ್ಲಿಂದ ಬೇರೆ ಕಡೆ ಮಲಗಿಸಿ ಅಂದೆ. ಅವರಿಗೆ ಸಿಟ್ಟು ಬಂತು. 'ವ್ಯಾಪಾರ ಕೆಡಿಸೋಕೆ ಬಂದ್ರಾ' ಅಂದ್ರು. ಅವರ ಜಾಗದಲ್ಲಿ ನಿಂತು ನೋಡಿದ್ರೆ ಸಿಟ್ಟು ಸಹಜವೇ. ಆದರೆ ಮಾರನೇ ದಿನವೇ ಕಾಗದ ಇಳೀತು. ಇಳಿಸಿದ್ದು ಅಂಗಡಿಯವರು, ಗೊಣಗಿಕೊಂಡೇ. ಕೆಳಗೆ ದಿನಾ ಹತ್ತು ಗಂಟೆ ಕೂರೋರು ಅವರೇ ತಾನೇ.

ನಾನು ಇಷ್ಟು ಅವಸರ ಮಾಡಿದ್ದಕ್ಕೆ ಕಾರಣ ಇದೆ. ಈ ಊರಲ್ಲಿ ಕಟ್ಟಡ ಬೀಳೋದು ಕಥೆ ಅಲ್ಲ. ಸುಲ್ತಾನ್‌ಪೇಟೆಯಿಂದ ಸ್ವಲ್ಪ ದೂರದಲ್ಲೇ, ಕಪಾಲಿ ಚಿತ್ರಮಂದಿರದ ಹತ್ತಿರ, 1983ರಲ್ಲಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ಅಪ್ಪ-ಅಮ್ಮನ್ನ ಕೇಳಿ, ಬೆಂಗಳೂರಿನವರಾದ್ರೆ ನೆನಪಿರುತ್ತೆ. 2021ರ ಸೆಪ್ಟೆಂಬರ್ 27ಕ್ಕೆ ಲಕ್ಕಸಂದ್ರದಲ್ಲಿ ಒಂದು ಹಳೇ ಮನೆ ಹಗಲಲ್ಲೇ ಕುಸೀತು. ಅದರಲ್ಲಿ ಇದ್ದದ್ದು ಮೆಟ್ರೊ ಕಾರ್ಮಿಕರು. ಮಾರನೇ ದಿನ ಡೇರಿ ಸರ್ಕಲ್ ಹತ್ತಿರ ಕೆಎಂಎಫ್ ಕ್ವಾರ್ಟರ್ಸ್‌ನ ಒಂದು ಕಟ್ಟಡ. ಎರಡರಲ್ಲೂ ಜನ ಮುಂಚೆ ಹೊರಗೆ ಬಂದಿದ್ದರಿಂದ ಉಳಿದುಕೊಂಡ್ರು. ಲಕ್ಕಸಂದ್ರದ ಆ ವಿಡಿಯೊ ನೀವೂ ನೋಡಿರ್ತೀರಿ: ವಾಲಿ ನಿಂತಿದ್ದ ಕಟ್ಟಡ ಕ್ಷಣದಲ್ಲಿ ಧೂಳಾಗಿಹೋಯ್ತು.

ಪೇಟೆಯಲ್ಲಿ ಇನ್ನೊಂದು ಭಯ ಬೆಂಕಿ. 2025ರ ಆಗಸ್ಟಲ್ಲಿ ನಗರ್ತಪೇಟೆಯಲ್ಲಿ, ಕೆಳಗೆ ವ್ಯಾಪಾರ ಮೇಲೆ ವಾಸ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 5 ಜನ ತೀರಿಹೋದ್ರು. ಮಕ್ಕಳೂ ಇದ್ದರು. ಹಾಗಾಗಿ ಮನೆ ನೋಡೋವಾಗ ಮೀಟರ್ ಬೋರ್ಡ್ ಎಲ್ಲಿದೆ ನೋಡಿ. ಎಷ್ಟೋ ಕಡೆ ಅದು ಮೆಟ್ಟಿಲ ಕೆಳಗೇ ಇರುತ್ತೆ. ಅದರ ಪಕ್ಕ ರಟ್ಟಿನ ಡಬ್ಬ, ಅದರ ಮೇಲೇ ಹಾದುಹೋಗೋದು ಆ ಮನೆಗೆ ಇರೋ ಒಂದೇ ಮೆಟ್ಟಿಲು. ಮರದ ಪಟ್ಟಿ ಮೇಲೆ ಓಡೋ ಹಳೇ ವೈರು, ಪಿಂಗಾಣಿ ಫ್ಯೂಸು ಇನ್ನೂ ಇದೆಯಾ ನೋಡಿ. ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಚೆಕ್ ಮಾಡಿಸಿ. ಬೆಸ್ಕಾಂ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತೆ. ಎರಡು ಕಿಲೋವ್ಯಾಟ್ ಲೋಡಲ್ಲಿ ಅಂಗಡಿ ಎಸಿ, ಮೇಲಿನ ಗೀಸರ್ ಎಲ್ಲ ಓಡ್ತಾ ಇದ್ರೆ ವೈರ್ ಬಿಸಿಯಾಗ್ತಾ ಇದೆ ಅಂತಾನೇ ಅರ್ಥ.

ಮತ್ತೆ, ರಾತ್ರಿ ಕೆಳಗಿನ ಅಂಗಡಿ ಷಟರ್ ಎಳೆದ ಮೇಲೆ ಮೇಲಿನವರು ಹೊರಗೆ ಬರೋ ದಾರಿ ಯಾವುದು ಅಂತ ನೀವೇ ನಡೆದು ನೋಡಿ. ಕೇಳೋದಲ್ಲ, ನಡೆದು ನೋಡೋದು.

ತೇವದ ಬಗ್ಗೆ ಎರಡು ಮಾತು. ಗೋಡೆಯ ಕೆಳಗಿನ ಎರಡು-ಮೂರು ಅಡಿಯಲ್ಲಿ ಬಿಳೀ ಉಪ್ಪು ಥರ ಬಂದಿದೆಯಾ, ಪೇಂಟ್ ಸಿಪ್ಪೆ ಏಳ್ತಿದೆಯಾ ನೋಡಿ. ನೆಲದಿಂದ ನೀರು ಹತ್ತುತ್ತಿದೆ ಅಂತ. ಮಣ್ಣಿನ ಗೋಡೆಗೆ ಈಚಿನವರು ಸಿಮೆಂಟ್ ಪ್ಲಾಸ್ಟರ್ ಹೊಡೆಸಿ, ಅದರ ಮೇಲೆ ಟೈಲ್ಸ್ ಅಂಟಿಸ್ತಾರೆ. ನೋಡೋಕೆ ಅಚ್ಚುಕಟ್ಟು. ಆದರೆ ಸುಣ್ಣ ಬಳಿದ ಗೋಡೆ ಉಸಿರಾಡ್ತಿತ್ತು, ಸಿಮೆಂಟು ಆ ನೀರನ್ನ ಒಳಗೇ ಹಿಡಿದಿಡುತ್ತೆ, ಒಳಗಡೆ ಮಣ್ಣು ಮೆತ್ತಗಾಗುತ್ತೆ. ಹಾಗಾಗಿ ನಾಲ್ಕಡಿ ಎತ್ತರಕ್ಕೆ ಟೈಲ್ಸ್ ಹಾಕಿರೋ ಹಾಲ್ ಕಂಡ್ರೆ, ಯಾಕೆ ಹಾಕಿಸಿದ್ರಿ ಅಂತ ಕೇಳಿ. ಇನ್ನು ಊರಿನ ತಗ್ಗು: ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ, ಕೆ.ಆರ್. ಮಾರ್ಕೆಟ್ ಸಿದ್ದಿಕಟ್ಟೆ ಕೆರೆ ಇದ್ದ ಜಾಗದಲ್ಲಿ. ನಡುವಿನ ಈ ಪೇಟೆಗಳಲ್ಲಿ ಮನೆಯೊಳಗೇ ಬಾವಿ ಇರ್ತಿತ್ತು. ಆ ಬಾವಿ ಈಗ ಎಲ್ಲಿದೆ? ಮುಚ್ಚಿದ್ರಾ? ಯಾವುದರಿಂದ ಮುಚ್ಚಿದ್ರು? ಅದರ ಮೇಲೆ ಗೋಡೆ ಎದ್ದಿದೆಯಾ? ಇದಕ್ಕೆ ಉತ್ತರ ದಾಖಲೆಯಲ್ಲಿ ಸಿಗಲ್ಲ, ಆ ಬೀದಿಯ ವಯಸ್ಸಾದವರ ಹತ್ತಿರ ಸಿಗುತ್ತೆ.

ಬಿರುಕು ಕಂಡ್ರೆ ಎಲ್ಲದಕ್ಕೂ ಹೆದರಬೇಡಿ. ಕೂದಲೆಳೆಯಷ್ಟು ಸಣ್ಣದಾಗಿ ಪ್ಲಾಸ್ಟರಲ್ಲಿ ಮಾತ್ರ ಇರೋದು ಮಾಮೂಲಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗೋದು, ಮೆಟ್ಟಿಲಾಕಾರದಲ್ಲಿ ಇಳಿಯೋದು, ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ ಇರೋದು ಕಂಡ್ರೆ ಪಾಯ ಇಲ್ಲಾ ಗೋಡೆ ಸರಿದಿದೆ ಅಂತ. ಹಳೇ ಮೇಸ್ತ್ರಿಗಳ ಉಪಾಯ ಒಂದಿದೆ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಚೂರನ್ನ ಎರಡೂ ಕಡೆ ಅಂಟಿಸಿಬಿಡೋದು. ಕೆಲವು ವಾರದಲ್ಲಿ ಗಾಜು ಒಡೆದ್ರೆ ಬಿರುಕು ಇನ್ನೂ ಬೆಳೀತಾ ಇದೆ. ಚಿಕ್ಕಪೇಟೆ ಕೆಳಗೆ ಮೆಟ್ರೊ ಹಸಿರು ಮಾರ್ಗದ ಸುರಂಗ ಇದೆ, 2017ರ ಜೂನ್‌ನಿಂದ ರೈಲು ಓಡ್ತಿದೆ. ಆ ಭಾಗದಲ್ಲಿ ಬಿರುಕು ತೋರಿಸಿದ್ರೆ ಎಲ್ಲರೂ 'ಅದು ಮೆಟ್ರೊದ್ದು' ಅಂತಾರೆ. ಇರಬಹುದು, ಇಲ್ಲದೇನೂ ಇರಬಹುದು. ಯಾರಿಂದ ಬಂತು ಅನ್ನೋದಕ್ಕಿಂತ ಈಗ ನಿಂತಿದೆಯಾ ಬೆಳೀತಿದೆಯಾ ಅನ್ನೋದು ನಿಮಗೆ ಬೇಕಾಗಿರೋದು.

ಗೋಡೆಯಲ್ಲಿ ಅರಳಿ ಗಿಡ ಕಂಡ್ರೆ ಅದರ ಫೋಟೊ ತಗೊಳ್ಳಿ. ಮೇಲೆ ನಾಲ್ಕು ಎಲೆ ಇರುತ್ತೆ, ಬೇರು ಎಲ್ಲಿ ತನಕ ಹೋಗಿದೆ ಅಂತ ದೇವರಿಗೇ ಗೊತ್ತು.

ಇಷ್ಟೆಲ್ಲ ನೀವೇ ನೋಡಬಹುದು. ಇದನ್ನ ನೋಡಿ ನಿರ್ಧಾರ ಮಾಡಬೇಡಿ, ಇದನ್ನ ನೋಡಿ ಇಂಜಿನಿಯರ್ ಕರೀಬೇಕಾ ಅಂತ ನಿರ್ಧಾರ ಮಾಡಿ. ಸ್ಟ್ರಕ್ಚರಲ್ ಇಂಜಿನಿಯರ್‌ನೇ ಕೇಳಿ ಕರೆಸಿ, ಹಳೇ ಗೋಡೆ ಮೇಲೆ ನಿಂತ ಕಟ್ಟಡ ಮುಂಚೆ ನೋಡಿದ್ದಾರಾ ಅಂತ ಕೇಳಿ. ಆರ್‌ಸಿಸಿ ಮಹಡಿ ಇದ್ರೆ ರಿಬೌಂಡ್ ಹ್ಯಾಮರ್, ಅಲ್ಟ್ರಾಸೌಂಡ್ ಥರದ ಪರೀಕ್ಷೆ ಬೇಕಾಗಬಹುದು. ಅವು ಕಾಂಕ್ರೀಟಿಗೆ, ಮಣ್ಣಿನ ಗೋಡೆಗೆ ಅಲ್ಲ. ಬ್ರೋಕರ್ ಕರೆತಂದ ಇಂಜಿನಿಯರ್ ಬೇಡ. ಅವರು ಕೆಟ್ಟವರು ಅಂತಲ್ಲ, ಮಾರಾಟ ಆದ್ರೆ ಮಾತ್ರ ಮುಂದಿನ ಕೆಲಸ ಸಿಗೋರ ಕೈಲಿ ಮಾರಾಟ ಬೇಡ ಅಂತ ಹೇಳಿಸೋದು ಕಷ್ಟ.

'ಇದಕ್ಕೆಲ್ಲ ದುಡ್ಡು ಖರ್ಚಲ್ವಾ ಸಾರ್' ಅಂತ ಕೇಳ್ತೀರಿ. ಒಂದು ಕೋಟಿ ಮನೆಗೆ ಸ್ಟ್ಯಾಂಪ್ ಡ್ಯೂಟಿ ಶೇ 5, ಅಂದ್ರೆ 5 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 2 ಲಕ್ಷ. ಸೆಸ್ಸು, ಸರ್‌ಚಾರ್ಜು ಬೇರೆ. ಬ್ರೋಕರ್ ಕಮಿಷನ್ ಬೇರೆ. ಇವುಗಳ ಪಕ್ಕದಲ್ಲಿ ಇಂಜಿನಿಯರ್ ಫೀಸು ಗೃಹಪ್ರವೇಶದ ಊಟದ ಖರ್ಚಿಗಿಂತ ಕಮ್ಮಿ.

ಮುಖ್ಯವಾದದ್ದು ಸಮಯ. ಅಡ್ವಾನ್ಸ್ ಕೊಟ್ಟ ಮೇಲೆ ನನ್ನ ಕರೆದ್ರೆ ನಾನು ಹೇಳೋ ಮಾತು ನಿಮಗೆ ಕೇಳಿಸೋದೇ ಇಲ್ಲ. ಮನಸ್ಸು ಆಗಲೇ ಪರದೆ ಬಟ್ಟೆ ಆರಿಸ್ತಾ ಇರುತ್ತೆ. ಮೊದಲೇ ಕರೀರಿ. ಆಗಲ್ಲ, ಬೇರೆ ಯಾರೋ ಕಾಯ್ತಿದ್ದಾರೆ ಅಂತ ಅವಸರ ಮಾಡಿದ್ರೆ, ಕರಾರು ಪತ್ರದಲ್ಲೇ ಬರೆಸಿ: ಇಷ್ಟು ದಿನದೊಳಗೆ ಕಟ್ಟಡದ ತಪಾಸಣೆ ಮಾಡಿಸಿಕೊಳ್ತೀವಿ, ಗಂಭೀರ ದೋಷ ಕಂಡರೆ ಮುಂಗಡ ಪೂರ್ತಿ ವಾಪಸ್, ಇಲ್ಲಾ ರಿಪೇರಿ ಖರ್ಚು ಬೆಲೆಯಲ್ಲಿ ಕಡಿತ. ಜೊತೆಗೆ, ಮಾರೋರಿಗೆ ಗೊತ್ತಿರೋ ದೋಷ, ತೆಗೆದ ಗೋಡೆ, ಸೇರಿಸಿದ ಮಹಡಿ ಎಲ್ಲ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲ್ಲ ಅಂದ್ರೆ ಅದೂ ಒಂದು ಉತ್ತರವೇ. ಪಕ್ಕದ ಮನೆಗೂ ಸೇರಿದ ಗೋಡೆ ಇದ್ರೆ ಯಾವುದು ಯಾರದ್ದು ಅಂತ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ನೋಡಿ. ನಾಳೆ ನೀವು ಕೆಡವಿ ಕಟ್ಟೋಕೆ ಹೋದಾಗ ಜಗಳ ಶುರುವಾಗೋದೇ ಅಲ್ಲಿ.

ಆ ಹುಡುಗನ ಕಥೆ ಕೇಳ್ತೀರಿ ಅಂತ ಗೊತ್ತು. ಗೋಡೆ ಮತ್ತೆ ಕಟ್ಟಿ, ಜಂತೆ ಬದಲಾಯಿಸಿ, ಮೇಲಿನ ಮಹಡಿ ಇಳಿಸೋ ಖರ್ಚಿನ ಅಂದಾಜನ್ನ ಅವನು ಮಾಲೀಕರ ಮುಂದಿಟ್ಟ. ಅವರು ಸ್ವಲ್ಪ ಇಳಿದ್ರು, ಇವನಿಗೆ ಬೇಕಾದಷ್ಟು ಇಳಿಯಲಿಲ್ಲ. ಮನೆ ಕೈಬಿಟ್ಟ. ಬೇಜಾರು ಅವನಿಗೆ, ಅವರಮ್ಮನಿಗೆ ಅವನಿಗಿಂತ ಜಾಸ್ತಿ. ಆ ತಾಯಿಗೆ ಹಳೇ ಬೀದಿಗೆ ಹತ್ತಿರ ವಾಪಸ್ ಬರೋ ಆಸೆ ಇತ್ತು. ಆಮೇಲೆ ಆರು ತಿಂಗಳಿಗೆ ಆ ಮಾಲೀಕರ ಮಗನೇ ನನಗೆ ಫೋನ್ ಮಾಡಿದ್ರು. ನೋಡೋಕೆ ಬಂದ ಇನ್ನೊಬ್ಬರು ಇಂಜಿನಿಯರ್ ರಿಪೋರ್ಟ್ ಇದೆಯಾ ಅಂತ ಕೇಳಿದ್ರಂತೆ. ಗರ್ಡರ್ ಕೆಳಗೆ ಸರಿಯಾಗಿ ಇಟ್ಟಿಗೆ ಕಂಬ ಕಟ್ಟಿಸಿದ್ದೀವಿ, ಬಚ್ಚಲು ತೆಗೆಸಿದ್ದೀವಿ, ಒಂದ್ಸಲ ಬಂದು ನೋಡಿ ಅಂದ್ರು. ಹೋಗಿ ನೋಡಿದೆ. ಕೆಲಸ ಚೆನ್ನಾಗೇ ಮಾಡಿಸಿದ್ರು. ಮೇಲಿನ ಮಹಡಿಯ ಮಾತು ಇನ್ನೂ ಬಾಕಿ ಇದೆ, ಅದನ್ನೂ ಬರೆದುಕೊಟ್ಟಿದ್ದೀನಿ. ಅಜ್ಜಿ ಮಗನ ಮನೆಯಲ್ಲಿ ಇದ್ದಾರೆ.

ಕೇಳುಗರೊಬ್ಬರು ಮೆಸೇಜ್ ಮಾಡಿದ್ದಾರೆ: ಮಲ್ಲೇಶ್ವರದಲ್ಲಿ ಇಪ್ಪತ್ತು ವರ್ಷದ ಫ್ಲಾಟ್ ನೋಡ್ತಿದ್ದೀವಿ, ಅದಕ್ಕೂ ಇದೆಲ್ಲ ಬೇಕಾ ಅಂತ. ಅಲ್ಲಿ ಪಟ್ಟಿ ಬೇರೆ. ನಿಮ್ಮ ಫ್ಲಾಟಿಗಿಂತ ಮೊದಲು ಬೇಸ್‌ಮೆಂಟಿಗೆ ಇಳಿದು ಕಂಬಗಳ ಬುಡ ನೋಡಿ, ಕಾಂಕ್ರೀಟ್ ಉದುರಿ ಕಂಬಿ ತುಕ್ಕು ಕಾಣ್ತಿದೆಯಾ ಅಂತ. ಆಮೇಲೆ ತಾರಸಿಗೆ ಹೋಗಿ ಟ್ಯಾಂಕ್ ಸುತ್ತ ನೋಡಿ. ನಿಮ್ಮ ಮೇಲಿನ ಮನೆಯ ಬಚ್ಚಲು ನಿಮ್ಮ ಯಾವ ಕೋಣೆ ಮೇಲಿದೆ ಅಂತ ತಿಳ್ಕೊಳ್ಳಿ, ಅಲ್ಲಿ ಸೂರಿನ ಮೇಲೆ ಕಲೆ ಇದೆಯಾ ನೋಡಿ. ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ತಿರುಗ್ತಿದೆಯಾ ನೋಡಿ. ಸಂಘದವರ ಹತ್ತಿರ ಹಿಂದಿನ ಮೂರು ವರ್ಷದ ರಿಪೇರಿ ಲೆಕ್ಕ ಕೇಳಿ. ಮತ್ತೆ ಸಾಧ್ಯವಾದ್ರೆ ಒಂದು ಭೇಟಿ ಜೋರು ಮಳೆ ಬಂದ ಮಾರನೇ ದಿನ ಇಟ್ಕೊಳ್ಳಿ. ಪೇಟೆ ಮನೆಗೂ ಇದೇ ಮಾತು. ಬೇಸಿಗೆಯಲ್ಲಿ ಎಲ್ಲ ಮನೆಯೂ ಒಣಗಿರುತ್ತೆ.

ಪ್ರಶ್ನೆಗಳಿದ್ರೆ ಬಿರುಕಿನ ಫೋಟೊ ಸಮೇತ ಕಳಿಸಿ. ಫೋಟೊ ತೆಗೆಯೋವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡೀರಿ, ಅಳತೆ ಗೊತ್ತಾಗಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.